ಇಸ್ಪೀಟಿನ ಎಲೆಗೆ ಇಳುವರಿಯಿಲ್ಲ

ಬಿತ್ತನೆ ಮುಗಿದು ಕಳೆ ಕೀಳುವ ಕೆಲಸಕ್ಕೆ ನಾಲ್ಕು ದಿನ ಬಿಡುವು ಸಿಕ್ಕಾಗ ಅರಳಿಕಟ್ಟೆಯ ಮೇಲೆ ಇಸ್ಪೀಟು ಹರಡುವುದು ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ. ಯುಗಾದಿ ಹಬ್ಬದಲ್ಲಿ ಮನೆಯ ಹಿರಿಯರೇ ನಾಲ್ಕು ಕಾಸು ಇಟ್ಟು ಆಡುವ ಊರುಗಳೂ ಇವೆ. ಆದರೆ ಕೆಲವು ವರ್ಷಗಳಿಂದ ಈ ಆಟ ಕಟ್ಟೆಯನ್ನು ಬಿಟ್ಟು ಜೇಬಿನ ಮೊಬೈಲಿಗೆ ಬಂದಿದೆ. ರಮ್ಮಿಯ ಹಿಂದೆಯೇ ಪೋಕರ್ ಎಂಬ ಅಮೆರಿಕದ ಆಟವೂ ಬಂದಿದೆ. ತರಬೇತಿ ಶಿಬಿರದಲ್ಲಿ ರಸಗೊಬ್ಬರದ ಪ್ರಮಾಣ ಕೇಳುವ ಯುವಕರು ಶಿಬಿರ ಮುಗಿದ ಮೇಲೆ ಪಕ್ಕಕ್ಕೆ ಬಂದು, "ಸಾರ್, ಇದು ಅದೃಷ್ಟದ ಆಟವಲ್ಲವಂತೆ, ಬುದ್ಧಿಯ ಆಟವಂತೆ. ಕಲಿತರೆ ನಾಲ್ಕು ಕಾಸು ಸಂಪಾದಿಸಬಹುದಲ್ಲವೇ?" ಎಂದು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. "ಜೂಜಾಡಿಯೇ ಧರ್ಮರಾಯ ಕೆಟ್ಟ, ಹೋಗಯ್ಯಾ" ಎಂದು ಗದರಿಸಿ ಕಳುಹಿಸಿದರೆ ಅವರಿಗೆ ಉತ್ತರ ಕೊಟ್ಟಂತಾಗುವುದಿಲ್ಲ. ಹೊಸ ತಳಿಯೊಂದು ಬಂದಾಗ ಬೀಜದ ಗುಣ, ಬೇಸಾಯದ ಖರ್ಚು, ಬರುವ ಇಳುವರಿ, ಸಿಗುವ ಬೆಲೆ ಇಷ್ಟನ್ನೂ ತೂಗಿ ನೋಡಿ ಬೆಳೆಯಬಹುದೋ ಬಾರದೋ ಎಂದು ಹೇಳುವುದು ವಿಸ್ತರಣಾಧಿಕಾರಿಯ ಕೆಲಸ. ಅದೇ ತಕ್ಕಡಿಯಲ್ಲಿ ಪೋಕರನ್ನೂ ಇಟ್ಟು ತೂಗೋಣ.

ಆಟದ ಪರಿಚಯ

ಹೆಚ್ಚು ಬಳಕೆಯಲ್ಲಿರುವುದು ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆ. ಪ್ರತಿಯೊಬ್ಬ ಆಟಗಾರನಿಗೂ ಗುಟ್ಟಾಗಿ ಎರಡು ಎಲೆ. ಮೇಜಿನ ಮಧ್ಯೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆ. ಒಟ್ಟು ಏಳು ಎಲೆಗಳಲ್ಲಿ ಒಳ್ಳೆಯ ಐದನ್ನು ಕೂಡಿಸಿದವನಿಗೆ ಪಣದ ರಾಶಿ. ಎಲೆ ಬಿದ್ದಾಗಲೆಲ್ಲ ಹಣ ಕಟ್ಟುವ ಸರದಿ ಬರುತ್ತದೆ. ಕಟ್ಟಬಹುದು, ಏರಿಸಬಹುದು, ಎಲೆ ಮಡಚಿಟ್ಟು ಸುಮ್ಮನಾಗಲೂಬಹುದು. ಕೈಯಲ್ಲಿ ಏನೂ ಇಲ್ಲದೆ ಇದ್ದರೂ ಜೋರಾಗಿ ಏರಿಸಿ ಎದುರಾಳಿಯನ್ನು ಹೆದರಿಸಿ ರಾಶಿ ಬಾಚಿಕೊಳ್ಳುವುದೂ ಉಂಟು.

52 ಎಲೆಗಳಿಂದ ಐದೈದರ ಜೋಡಣೆ ಒಟ್ಟು 25,98,960 ಬಗೆಯಲ್ಲಿ ಆಗಬಹುದು. ಅದರಲ್ಲಿ ಎಲ್ಲಕ್ಕೂ ಮಿಗಿಲಾದ ಜೋಡಣೆ, ಅಂದರೆ ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಇರುವುದು ನಾಲ್ಕೇ ನಾಲ್ಕು. 6,49,740 ಸಲ ಐದೈದು ಎಲೆ ಹಂಚಿದರೆ ಸರಾಸರಿ ಒಂದು ಸಲ ಬರುವಂಥದ್ದು. ಮೊದಲ ಎರಡು ಎಲೆಯಲ್ಲೇ ಎಕ್ಕದ ಜೋಡಿ ಸಿಗುವುದು 221 ಸಲಕ್ಕೊಮ್ಮೆ. ಈ ಲೆಕ್ಕ ಬಲ್ಲವನಿಗೂ ಬಲ್ಲದವನಿಗೂ ವ್ಯತ್ಯಾಸ ಇದ್ದೇ ಇದೆ. ಆದ್ದರಿಂದ ಪೋಕರಿನಲ್ಲಿ ಬುದ್ಧಿಗೆ ಕೆಲಸವಿದೆ ಎಂಬ ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಅಂಗಡಿಯ ಪರೀಕ್ಷೆ

ಬಿತ್ತನೆ ಬೀಜ ಕೊಳ್ಳುವಾಗ ನಾವು ಚೀಲದ ಮೇಲಿನ ಚೀಟಿ ನೋಡುತ್ತೇವೆ, ರಶೀದಿ ಕೇಳುತ್ತೇವೆ, ಹಿಂದಿನ ವರ್ಷ ಕೊಂಡವರನ್ನು ವಿಚಾರಿಸುತ್ತೇವೆ. ಪೋಕರ್ ತಾಣಗಳ ವಿಷಯದಲ್ಲೂ ಬಲ್ಲವರು ಹೇಳುವ ಪರೀಕ್ಷೆಗಳಿವೆ. ಎಲೆ ಕಲಸುವ ಕ್ರಮ ಪ್ರಾಮಾಣಿಕವೇ? ಆಟಗಾರರ ಠೇವಣಿಯನ್ನು ಕಂಪನಿಯ ಹಣದಿಂದ ಬೇರೆ ಇಟ್ಟಿದ್ದಾರೆಯೇ? ಗೆದ್ದ ಹಣ ಕೇಳಿದಾಗ ತಡವಿಲ್ಲದೆ ಬರುತ್ತದೆಯೇ? ಯಾವ ಸರ್ಕಾರದ ಪರವಾನಗಿ ಇದೆ?

ಪರೀಕ್ಷೆ ಸರಿಯೇ. ಆದರೆ ಮೇಜಿನ ಈಚೆ ಕುಳಿತವನ ಕೈಯಲ್ಲಿ ಅದನ್ನು ಮಾಡಲಾಗುವುದೇ? ಹಣ ಕಟ್ಟಿ ಆಡುವ ಮೊದಲ ಪೋಕರ್ ತಾಣ 1998ರಲ್ಲಿ ಶುರುವಾಯಿತು. ಮಾರನೆಯ ವರ್ಷವೇ, ಅಂದರೆ 1999ರಲ್ಲಿ, ಅಮೆರಿಕದ ಕೆಲವು ಕಂಪ್ಯೂಟರ್ ತಜ್ಞರು ಇಂಥ ಆಟದ ತಂತ್ರಾಂಶವೊಂದನ್ನು ಪರೀಕ್ಷಿಸಿದರು. ತಾವು ಪ್ರಾಮಾಣಿಕರೆಂದು ತೋರಿಸಲು ಆ ಕಂಪನಿಯವರೇ ಎಲೆ ಕಲಸುವ ಸೂತ್ರವನ್ನು ಪ್ರಕಟಿಸಿದ್ದರು. ಆ ಸೂತ್ರ ಕಂಪ್ಯೂಟರಿನ ಗಡಿಯಾರದ ಮೇಲೆ ನಿಂತಿತ್ತು. ಕಾಣುವ ಐದು ಎಲೆ ತಿಳಿದರೆ ಸಾಕು, ಉಳಿದವರ ಕೈಯ ಎಲೆಗಳನ್ನೆಲ್ಲ ಹೇಳಬಹುದೆಂದು ತಜ್ಞರು ತೋರಿಸಿಕೊಟ್ಟರು.

2007ರಲ್ಲಿ ಅಬ್ಸಲ್ಯೂಟ್ ಪೋಕರ್ ಎಂಬ ತಾಣದಲ್ಲಿ ಒಂದು ಖಾತೆಯವನು ಎದುರಾಳಿಗಳ ಗುಟ್ಟಿನ ಎಲೆಗಳನ್ನೆಲ್ಲ ನೋಡಿಕೊಂಡು ಆಡುತ್ತಿದ್ದುದು ಹೊರಬಿತ್ತು. ಅದನ್ನು ಮೊದಲು ಪತ್ತೆ ಹಚ್ಚಿದವರು ಸೋತ ಆಟಗಾರರೇ. 2011ರ ಏಪ್ರಿಲ್ 15ರಂದು ಅಮೆರಿಕದ ಸರ್ಕಾರ ಮೂರು ದೊಡ್ಡ ತಾಣಗಳ ಮೇಲೆ ಮೊಕದ್ದಮೆ ಹೂಡಿತು. ಅವುಗಳಲ್ಲಿ ಒಂದಾದ ಫುಲ್ ಟಿಲ್ಟ್ ಪೋಕರ್ ತನ್ನ ಆಟಗಾರರಿಗೆ ಕೊಡಬೇಕಾಗಿದ್ದುದು ಸುಮಾರು 39 ಕೋಟಿ ಡಾಲರ್; ಬ್ಯಾಂಕಿನಲ್ಲಿ ಇದ್ದುದು ಸುಮಾರು 6 ಕೋಟಿ ಎಂದು ಸರ್ಕಾರಿ ವಕೀಲರು ಹೇಳಿದರು. ಹೆಸರು ಮಾಡಿದ, ಟಿವಿಯಲ್ಲಿ ಮೆರೆದ, ಲಕ್ಷಾಂತರ ಜನ ನಂಬಿದ ಅಂಗಡಿಯ ಕತೆ ಇದು.

ಎದುರಿಗೆ ಕುಳಿತವನು ಮನುಷ್ಯನೇ ಎಂಬ ಭರವಸೆಯೂ ಈಗ ಇಲ್ಲ. 2017ರ ಜನವರಿಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ನಾಲ್ವರು ನುರಿತ ವೃತ್ತಿಪರರೊಡನೆ 20 ದಿನಗಳಲ್ಲಿ 1,20,000 ಸುತ್ತು ಆಡಿ ಗೆದ್ದಿತು. ಮೊಬೈಲಿನ ಮೇಜಿನಲ್ಲಿ ಮೂವರು ಗೆಳೆಯರು ಒಂದೇ ಕೋಣೆಯಲ್ಲಿ ಕುಳಿತು ತಮ್ಮ ಎಲೆಗಳನ್ನು ಪರಸ್ಪರ ಹೇಳಿಕೊಂಡು ನಾಲ್ಕನೆಯವನನ್ನು ಸುಲಿಯುವುದಕ್ಕೂ ಅಡ್ಡಿಯಿಲ್ಲ. ಅರಳಿಕಟ್ಟೆಯಲ್ಲಾದರೆ ಯಾರು ಯಾರಿಗೆ ಕಣ್ಣು ಮಿಟುಕಿಸಿದರೆಂಬುದು ಕಾಣುತ್ತದೆ.

ಪಂದ್ಯದ ಜಾಣತನ

ಪೋಕರ್ ಆಡುವ ಬಗೆ ಎರಡು. ಒಂದು, ನೇರವಾಗಿ ಹಣವಿಟ್ಟು ಆಡುವುದು. ಇನ್ನೊಂದು, ಪ್ರವೇಶ ಶುಲ್ಕ ಕಟ್ಟಿ ಪಂದ್ಯಕ್ಕೆ ಸೇರುವುದು. ಪಂದ್ಯದಲ್ಲಿ ಎಲ್ಲರಿಗೂ ಸಮನಾಗಿ ಬಿಲ್ಲೆಗಳನ್ನು ಕೊಡುತ್ತಾರೆ. ಬಿಲ್ಲೆ ಮುಗಿದವನು ಹೊರಗೆ. ಪ್ರತಿ ಸುತ್ತಿನಲ್ಲಿ ಇಬ್ಬರು ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣವಿರುತ್ತದೆ. ಅದು ಗಂಟೆ ಕಳೆದಂತೆ ಏರುತ್ತಾ ಹೋಗುತ್ತದೆ. ಸುಮ್ಮನೆ ಕುಳಿತವನ ಬಿಲ್ಲೆಯೂ ಕರಗುತ್ತದೆ.

ಇದರಲ್ಲಿ ಪಳಗಿದವರ ಕ್ರಮ ಹೀಗಿದೆ. ಆರಂಭದಲ್ಲಿ ತಾಳ್ಮೆ, ಬಂದ ಹತ್ತು ಕೈಯಲ್ಲಿ ಎಂಟನ್ನು ಮಡಚಿಡುವುದು. ಕೊನೆಯಲ್ಲಿ ಮಾತಾಡುವ ಸರದಿ ಬಂದಾಗ ಮಾತ್ರ ಸ್ವಲ್ಪ ಧಾರಾಳ. ಹರಾಜಿನಲ್ಲಿ ಉಳಿದವರ ಕೂಗು ಕೇಳಿ ಆಮೇಲೆ ಕೂಗುವವನಿಗೆ ಅನುಕೂಲವಿರುವಂತೆ ಇಲ್ಲಿಯೂ ಕೊನೆಯವನಿಗೆ ಅನುಕೂಲ. ಬಿಲ್ಲೆಯ ರಾಶಿಯನ್ನು ರೂಪಾಯಿಯಲ್ಲಲ್ಲ, ಕಡ್ಡಾಯ ಪಣದ ಎಷ್ಟು ಪಟ್ಟು ಉಳಿದಿದೆ ಎಂದು ಅಳೆಯುವುದು. ಅದು ಹತ್ತು ಪಟ್ಟಿಗೆ ಇಳಿದಾಗ ಸಣ್ಣ ಸಣ್ಣದಾಗಿ ಕಳೆಯದೆ, ಒಳ್ಳೆಯ ಎಲೆ ಬಂದಾಗ ಎಲ್ಲವನ್ನೂ ಒಮ್ಮೆಲೇ ಇಡುವುದು, ಇಲ್ಲವಾದರೆ ಮಡಚುವುದು. ಬಹುಮಾನದ ಹೊಸ್ತಿಲಿಗೆ ಬಂದಾಗ ಕಳೆದುಕೊಳ್ಳುವ ಬಿಲ್ಲೆಯ ಬೆಲೆ ಗೆಲ್ಲುವ ಬಿಲ್ಲೆಯ ಬೆಲೆಗಿಂತ ಹೆಚ್ಚೆಂದು ತಿಳಿಯುವುದು. ಸೋತ ಸಿಟ್ಟಿನಲ್ಲಿ ಮತ್ತೆ ಕೂರದಿರುವುದು.

ಓದಿದರೆ ಇವೆಲ್ಲ ಒಳ್ಳೆಯ ಬೇಸಾಯಗಾರನ ಗುಣಗಳೇ ಎನ್ನಿಸುತ್ತದೆ. ತಾಳ್ಮೆ, ಅಳತೆ, ಹದ ನೋಡಿ ಕೈ ಹಾಕುವುದು. ಹಾಗಾದರೆ ರೈತನಿಗೆ ಇದು ಒಗ್ಗಬೇಕಲ್ಲ? ಇಲ್ಲಿಯೇ ಅದೃಷ್ಟದ ಲೆಕ್ಕ ನೋಡಬೇಕು.

ಒಂದೇ ಬೀಜದ ಹೊಲ

ನಿಮ್ಮ ಕೈಯಲ್ಲಿ ಎಕ್ಕದ ಜೋಡಿ, ಎದುರಾಳಿಯ ಕೈಯಲ್ಲಿ ರಾಜನ ಜೋಡಿ ಎಂದಿಟ್ಟುಕೊಳ್ಳಿ. ಇಬ್ಬರೂ ಇದ್ದುದನ್ನೆಲ್ಲ ಇಟ್ಟರು. ಇದಕ್ಕಿಂತ ಒಳ್ಳೆಯ ಹದ ಪೋಕರಿನಲ್ಲಿ ಅಪರೂಪ. ಆದರೂ ನೂರಕ್ಕೆ ಸುಮಾರು 82 ಸಲ ಮಾತ್ರ ನೀವು ಗೆಲ್ಲುತ್ತೀರಿ; 18 ಸಲ ಸೋಲು. ಪಂದ್ಯ ಗೆಲ್ಲಲು ಇಂಥ ಸಂದರ್ಭ ಒಂದಲ್ಲ, ಹಲವು ಸಲ ದಾಟಬೇಕು. ನಾಲ್ಕು ಸಲ ಇಷ್ಟೇ ಒಳ್ಳೆಯ ಎಲೆಯೊಡನೆ ಎಲ್ಲವನ್ನೂ ಇಟ್ಟರೂ ನಾಲ್ಕನ್ನೂ ದಾಟುವ ಸಂಭವ ಶೇಕಡ 45 ಮಾತ್ರ. ಯಾವ ತಪ್ಪನ್ನೂ ಮಾಡದ ಆಟಗಾರ ಅರ್ಧಕ್ಕಿಂತ ಹೆಚ್ಚು ಸಲ ಬರಿಗೈಯಲ್ಲಿ ಏಳುತ್ತಾನೆ.

ಶೇಕಡ 82 ಮೊಳಕೆ ಬರುವ ಬತ್ತದ ಬೀಜವನ್ನು ನಾವು ಸಂತೋಷದಿಂದ ಬಿತ್ತುತ್ತೇವೆ. ಪ್ರಮಾಣಿತ ಬತ್ತದ ಬೀಜಕ್ಕೆ ಶೇಕಡ 80 ಇದ್ದರೆ ಸಾಕು. ಏಕೆಂದರೆ ಒಟ್ಟಲು ಪಾತಿಯಲ್ಲಿ ಬೀಳುವುದು ಸಾವಿರಾರು ಕಾಳು. ಯಾವ ಕಾಳು ಸತ್ತಿತು, ಯಾವುದು ಬದುಕಿತು ಎಂದು ಯಾರೂ ಎಣಿಸುವುದಿಲ್ಲ; ಪಾತಿ ಹಸುರಾಗುತ್ತದೆ. ಪೋಕರ್ ಪಂದ್ಯದವನು ಬಿತ್ತುವುದು ಒಂದೇ ಕಾಳು. ಅದು ಮೊಳೆಯದಿದ್ದರೆ ಅವನ ಹೊಲವೇ ಇಲ್ಲ.

ಬುದ್ಧಿಯ ಫಲ ಕಾಣಬೇಕಾದರೆ ನೂರಾರು ಪಂದ್ಯ, ಸಾವಿರಾರು ಸುತ್ತು ಆಡಬೇಕು. ಅಷ್ಟು ದೂರ ಸಾಗಲು ಕಳೆದುಹೋದರೂ ಚಿಂತೆಯಿಲ್ಲದ ಬಂಡವಾಳ ಬೇಕು. ಪ್ರವೇಶ ಶುಲ್ಕದ ನೂರು ಪಟ್ಟು ಹಣವಾದರೂ ಬೇರೆ ಎತ್ತಿಟ್ಟುಕೊಂಡಿರಬೇಕೆಂದು ವೃತ್ತಿಪರರು ಹೇಳುತ್ತಾರೆ. 1,000 ರೂಪಾಯಿಯ ಪಂದ್ಯಕ್ಕೆ ಒಂದು ಲಕ್ಷ. ಮನೆ ಖರ್ಚಿಗಲ್ಲದ, ಬೀಜಕ್ಕಲ್ಲದ, ಗೊಬ್ಬರಕ್ಕಲ್ಲದ, ಮಗಳ ಕಾಲೇಜಿಗಲ್ಲದ ಒಂದು ಲಕ್ಷ. ಎರಡು ಎಕರೆ ರಾಗಿ, ಒಂದು ಎಕರೆ ಟೊಮ್ಯಾಟೊ ಬೆಳೆಯುವ ಯಾವ ಮನೆಯಲ್ಲಿ ಅಂಥ ಹಣ ಇದೆ? ಮಳೆಯ ಜೂಜು, ಬೆಲೆಯ ಜೂಜು ಎರಡನ್ನೂ ವರ್ಷವಿಡೀ ಆಡುತ್ತಿರುವವನಿಗೆ ಮೂರನೆಯದಕ್ಕೆ ಬಂಡವಾಳ ಎಲ್ಲಿಂದ ಬರಬೇಕು? ಬಂದರೆ ಅದು ಬೆಳೆ ಸಾಲದಿಂದಲೇ ಬರಬೇಕು.

ಕಣದ ಅಳತೆ

ಬುದ್ಧಿ, ಅದೃಷ್ಟ ಎರಡಕ್ಕೂ ಮೀರಿದ ಇನ್ನೊಂದು ಲೆಕ್ಕವಿದೆ. ಆಟ ನಡೆಸುವವನು ಪ್ರತಿ ರಾಶಿಯಿಂದ ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಸಾಮಾನ್ಯವಾಗಿ ಅದು ಶೇಕಡ 5ರ ಆಸುಪಾಸು. ಇಪ್ಪತ್ತು ಸೇರಿಗೆ ಒಂದು ಸೇರು ತಾನೇ ಎಂದು ತೋರುತ್ತದೆ. ಆದರೆ ಅದೇ ರಾಶಿಯನ್ನು ಗಂಟೆಗೆ ಅರವತ್ತು ಸಲ ಅಳೆಯುತ್ತಾರೆ ಎಂಬುದನ್ನು ಮರೆಯಬಾರದು.

ಒಂದು ಉದಾಹರಣೆ ತೆಗೆದುಕೊಳ್ಳಿ. ಸಮಾನ ಬುದ್ಧಿಯ ಆರು ಜನ ತಲಾ 1,000 ರೂಪಾಯಿ ತಂದರು, ಒಟ್ಟು 6,000. ಪ್ರತಿ ಸುತ್ತಿನ ರಾಶಿ ಸರಾಸರಿ 200 ರೂಪಾಯಿ. ಶೇಕಡ 5ರಂತೆ ಸುತ್ತಿಗೆ 10 ರೂಪಾಯಿ ಕಡಿತ. ಮೊಬೈಲಿನಲ್ಲಿ ಗಂಟೆಗೆ 60 ಸುತ್ತು ನಡೆದರೆ ಗಂಟೆಗೆ 600 ರೂಪಾಯಿ. ಇದೇ ಲೆಕ್ಕದಲ್ಲಿ ನಡೆದರೆ ಹತ್ತು ಗಂಟೆಗೆ ಆರು ಸಾವಿರವೂ ಆಟ ನಡೆಸುವವನ ಪೆಟ್ಟಿಗೆಯಲ್ಲಿ. ಆರು ಜನರಲ್ಲಿ ಯಾರು ಗೆದ್ದರು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಪಂದ್ಯದಲ್ಲೂ ಇದೇ ಕತೆ. ನೂರು ಜನ ತಲಾ 110 ರೂಪಾಯಿ ಕಟ್ಟಿದರೆ ಬಹುಮಾನಕ್ಕೆ 10,000, ನಡೆಸುವವನಿಗೆ 1,000. ಬಹುಮಾನ ಹತ್ತು ಹದಿನೈದು ಜನರಿಗೆ; ಉಳಿದ ಎಂಬತ್ತೈದಕ್ಕೂ ಹೆಚ್ಚು ಜನ ಕೈ ಬೀಸಿಕೊಂಡು ಹೋಗಬೇಕು. ನಮ್ಮ ದೇಶದಲ್ಲಿ 2023ರ ಏಪ್ರಿಲಿನಿಂದ ನಿವ್ವಳ ಗೆಲುವಿನ ಮೇಲೆ ಶೇಕಡ 30 ತೆರಿಗೆ ಹಿಡಿಯುವ ನಿಯಮವೂ, ಅದೇ ವರ್ಷದ ಅಕ್ಟೋಬರಿನಿಂದ ಕಟ್ಟಿದ ಹಣದ ಮೇಲೆ ಶೇಕಡ 28 ಜಿ.ಎಸ್.ಟಿ.ಯೂ ಬಂದವು.

ಒಂದು ಕಾಳು ರಾಗಿ ಬಿತ್ತಿದರೆ ಒಂದು ತೆನೆ ಬರುತ್ತದೆ. ಭೂಮಿ ಹೊಸದಾಗಿ ಕೊಡುತ್ತದೆ. ಇಸ್ಪೀಟಿನ ಮೇಜು ಏನನ್ನೂ ಬೆಳೆಯುವುದಿಲ್ಲ. ಒಬ್ಬನ ಗೆಲುವು ಇನ್ನೊಬ್ಬನ ಸೋಲು, ನಡುವೆ ದಲ್ಲಾಳಿಯ ಪಾಲು. ನುರಿತವನು ಗೆಲ್ಲುತ್ತಾನೆ ಎಂದರೆ ನುರಿಯದವನು ಸೋಲುತ್ತಾನೆ ಎಂದೇ ಅರ್ಥ. ಹಳ್ಳಿಯ ಯುವಕನನ್ನು ಜಾಹೀರಾತು ಕರೆಯುವುದು ಯಾವ ಸ್ಥಾನಕ್ಕೆ ಎಂದು ಅವನೇ ಯೋಚಿಸಲಿ.

ಜಾಹೀರಾತಿನವರು ಹೇಳುವ ಕತೆ ಕ್ರಿಸ್ ಮನಿಮೇಕರನದು. ಅಮೆರಿಕದ ಟೆನೆಸಿಯ ಈ ಲೆಕ್ಕಿಗ ಸಣ್ಣ ಶುಲ್ಕದ ಅಂತರ್ಜಾಲ ಪಂದ್ಯದ ಮೂಲಕ ಪ್ರವೇಶ ಪಡೆದು 2003ರಲ್ಲಿ ಲಾಸ್ ವೇಗಾಸಿನ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ. ಕತೆ ನಿಜವೇ. ಆ ಪಂದ್ಯಕ್ಕೆ ಕುಳಿತವರು 839 ಜನ. ಅವನ ಕತೆ ಕೇಳಿ ಬಂದವರಿಂದ 2006ರಲ್ಲಿ ಆ ಸಂಖ್ಯೆ 8,773ಕ್ಕೆ ಏರಿತು. ಮೊದಲ ಸ್ಥಾನ ಆಗಲೂ ಒಂದೇ.

ಕಾನೂನು ಏನು ಹೇಳುತ್ತದೆ?

ಬುದ್ಧಿಯ ಆಟವೋ ಅದೃಷ್ಟದ ಆಟವೋ ಎಂಬ ವಾದ ನ್ಯಾಯಾಲಯಗಳಲ್ಲಿ ಬಹಳ ವರ್ಷ ನಡೆದಿದೆ. ರಮ್ಮಿಯಲ್ಲಿ ಬುದ್ಧಿಯ ಪಾಲೇ ಹೆಚ್ಚೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಪೋಕರ್ ಜೂಜೇ ಎಂದು ಗುಜರಾತ್ ಹೈಕೋರ್ಟು 2017ರಲ್ಲಿ ಹೇಳಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಅಂತರ್ಜಾಲ ಆಟಗಳನ್ನು ನಿಷೇಧಿಸಿತು. ಬುದ್ಧಿಯ ಆಟಗಳನ್ನೂ ಸೇರಿಸಿದ್ದು ಸರಿಯಲ್ಲವೆಂದು ಕರ್ನಾಟಕ ಹೈಕೋರ್ಟು 2022ರ ಫೆಬ್ರವರಿ 14ರಂದು ಆ ಭಾಗವನ್ನು ರದ್ದುಪಡಿಸಿತು.

ಆಮೇಲೆ ಬಂದದ್ದು ಕೇಂದ್ರದ ಕಾಯ್ದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿ, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಈ ಕಾಯ್ದೆ ಬುದ್ಧಿ, ಅದೃಷ್ಟ ಎಂಬ ಭೇದವನ್ನೇ ಬದಿಗಿಟ್ಟು, ಹಣವಿಟ್ಟು ಆಡಿಸುವ ಎಲ್ಲ ಅಂತರ್ಜಾಲ ಆಟಗಳನ್ನೂ ನಿಷೇಧಿಸುತ್ತದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಆಡಿ ಸೋತವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ತನ್ನ ಮುಂದಕ್ಕೆ ತರಿಸಿಕೊಂಡಿತು. ಕಾಯ್ದೆ ಬಂದೊಡನೆ ದೇಶದ ದೊಡ್ಡ ತಾಣಗಳು ಹಣದಾಟವನ್ನು ನಿಲ್ಲಿಸಿದವು.

ಹೀಗಿರುವಾಗ ಒಳ್ಳೆಯ ತಾಣ ಯಾವುದೆಂದು ಆರಿಸುವ ಪ್ರಶ್ನೆಯೇ ನಮಗಿಲ್ಲ. ವಾಟ್ಸಾಪಿನಲ್ಲಿ ಕೊಂಡಿ ಕಳುಹಿಸಿ, ಅಪರಿಚಿತನ ಖಾತೆಗೆ ಹಣ ಹಾಕೆನ್ನುವವನು ಪರವಾನಗಿಯ ಅಂಗಡಿಯವನಲ್ಲ. ಹಣ ಮರಳಿ ಬಾರದಿದ್ದರೆ ಕೇಳಲು ವಿಳಾಸವಿರುವುದಿಲ್ಲ. "ನಿನ್ನ ಖಾತೆಯನ್ನು ನಮಗೆ ಬಳಸಲು ಕೊಡು, ತಿಂಗಳಿಗಿಷ್ಟು ಕೊಡುತ್ತೇವೆ" ಎಂಬ ಮಾತಿಗಂತೂ ಎಂದೂ ಮರುಳಾಗಬಾರದು. ವಂಚನೆಯ ಹಣ ಹಾದುಹೋದ ಖಾತೆಯನ್ನು ತನಿಖೆಯವರು ತಡೆಹಿಡಿಯಬಹುದು. ಹಾಲಿನ ಬಟವಾಡೆ, ಬೆಳೆ ವಿಮೆ, ಕಿಸಾನ್ ಸಮ್ಮಾನದ ಕಂತು ಎಲ್ಲವೂ ಬರುವುದು ಅದೇ ಖಾತೆಗೆ ಎಂಬುದು ನೆನಪಿರಲಿ.

ನನ್ನ ಅಭಿಪ್ರಾಯ

ನಿಷೇಧವನ್ನು ವಿರೋಧಿಸುವವರ ಮಾತಿನಲ್ಲೂ ತಿರುಳಿದೆ. ವಯಸ್ಸಿಗೆ ಬಂದವನು ತನ್ನ ಹಣವನ್ನು ಏನಾದರೂ ಮಾಡಿಕೊಳ್ಳಲಿ ಎನ್ನುತ್ತಾರೆ. ಬಾಗಿಲು ಮುಚ್ಚಿದರೆ ಕಳ್ಳಗಿಂಡಿ ತೆರೆಯುತ್ತದೆ ಎನ್ನುತ್ತಾರೆ. ಎರಡನೆಯ ಮಾತು ನಿಜವೆಂದು ಹಳ್ಳಿಯಲ್ಲಿ ಕೆಲಸ ಮಾಡುವವರೆಲ್ಲ ಬಲ್ಲರು. ಮೊದಲನೆಯ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ರೈತನ ಮನೆಯಲ್ಲಿ ಒಬ್ಬನದೇ ಹಣ ಎಂಬುದು ಇಲ್ಲ. ಸಹಕಾರ ಸಂಘದ ಸಾಲಕ್ಕೆ ಅಪ್ಪನ ಪಹಣಿ, ಅಡವಿಟ್ಟ ಒಡವೆ ಅಮ್ಮನದು, ಹಾಲಿನ ದುಡ್ಡು ಹೆಂಡತಿಯ ದುಡಿಮೆ. ಆಟ ಒಬ್ಬನದು, ಸೋಲು ಮನೆಯವರೆಲ್ಲರದು. ಆದ್ದರಿಂದ ಕಾಯ್ದೆ ಬಂದದ್ದು ಸರಿಯೇ. ಆದರೆ ಕಾಯ್ದೆಯೊಂದೇ ಸಾಲದು. ಮೇಲೆ ಹೇಳಿದ ಶೇಕಡ 5ರ ಲೆಕ್ಕ, ಶೇಕಡ 82ರ ಲೆಕ್ಕ ಎರಡನ್ನೂ ಹೈಸ್ಕೂಲಿನ ಹುಡುಗನೂ ಮಾಡಬಲ್ಲ. ಯುವಕ ಸಂಘಗಳಲ್ಲಿ, ವಾಚನಾಲಯಗಳಲ್ಲಿ ಒಂದು ಸಂಜೆ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಹತ್ತು ಭಾಷಣಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ರೈತ ಬಾಂಧವರು ಈ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು.

1. ಎಲೆಯಾಟ ಇಷ್ಟವಾದರೆ ಹುಣಸೆಬೀಜ ಇಟ್ಟು ಆಡಿ. ಪೋಕರಿನ ಲೆಕ್ಕಾಚಾರ ಬುದ್ಧಿಗೆ ಒಳ್ಳೆಯ ಕಸರತ್ತೇ. ಅದನ್ನು ಕಲಿಯಲು ಹಣ ಬೇಕಿಲ್ಲ.

2. ಬೆಳೆ ಸಾಲ ಬಂದ ದಿನವೇ ಬೀಜ, ಗೊಬ್ಬರದ ಬಾಬ್ತು ತೀರಿಸಿಬಿಡಿ. ಮೊಬೈಲಿಗೆ ಜೋಡಿಸಿದ ಖಾತೆಯಲ್ಲಿ ಸಾಲದ ಹಣ ಕೊಳೆಯಬಾರದು.

3. ಹೋದ ಹಣವನ್ನು ಆಟದಲ್ಲೇ ವಾಪಸು ತರುತ್ತೇನೆಂದು ಮತ್ತೆ ಕೂರುವುದು ಕೊಳೆತ ಬೀಜದ ಮೇಲೆ ಇನ್ನೊಂದು ಚೀಲ ಗೊಬ್ಬರ ಸುರಿದಂತೆ. ಅಲ್ಲಿಗೆ ನಿಲ್ಲಿಸಿ.

4. ಮೋಸ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು.

5. ಆಟ ಬಿಡಲಾಗದೆ ನಿದ್ದೆಗೆಟ್ಟವರಿಗೆ 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿ ಇದೆ. ಮೊಬೈಲಿನ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಒಂದು ಚಿಕಿತ್ಸಾ ವಿಭಾಗ ತೆರೆದಿದೆ. ಹೋಗಲು ನಾಚಿಕೆ ಬೇಡ. ಇದೂ ಒಂದು ಕಾಯಿಲೆ, ಚಿಕಿತ್ಸೆ ಇರುವ ಕಾಯಿಲೆ.

6. ಎಲ್ಲಕ್ಕಿಂತ ಮುಖ್ಯವಾದದ್ದು, ಸೋತ ವಿಷಯವನ್ನು ಮನೆಯಲ್ಲಿ ಹೇಳಿ. ಮುಚ್ಚಿಟ್ಟ ಸಾಲವೇ ಮನೆ ಮುರಿಯುವುದು. ಹೇಳಲು ಬಂದ ಮಗನನ್ನು ಹಿರಿಯರು ಮೊದಲು ಕೂರಿಸಿ ಕೇಳಬೇಕು. ಬೈಯುವುದು ಆಮೇಲೂ ಇರಲಿ.

ಒಂದು ವರ್ಷ ಮಳೆ ಕೈಕೊಟ್ಟರೆ ಮುಂದಿನ ವರ್ಷಕ್ಕೆ ಹೊಲ ಉಳಿದಿರುತ್ತದೆ. ನಮ್ಮ ಜೂಜಿಗೆ ಇರುವ ದೊಡ್ಡ ಬಲ ಅದೊಂದೇ. ಆ ಹೊಲವನ್ನೇ ಪಣಕ್ಕಿಡುವ ಆಟ ಎಷ್ಟೇ ಬುದ್ಧಿಯದಾಗಿರಲಿ, ಬೇಸಾಯಗಾರನಿಗೆ ಸಲ್ಲದು.